‘ಬರ್ತೀನಿ’ ಎಂದರೆ ಹಾರುವ ನಾಯಿ

ಇಡೀ ತರಗತಿಯನ್ನು ಒಂದು ಕೆಮ್ಮಿನಿಂದ ಸುಮ್ಮನಾಗಿಸಬಲ್ಲೆ ಎಂಬ ಜಂಬ ನನಗಿತ್ತು. ಸಾಗರದ ಕಾಲೇಜೊಂದರಲ್ಲಿ ಇತಿಹಾಸ ಹೇಳುವವಳಿಗೆ ಅಷ್ಟಾದರೂ ಬೇಡವೇ? ಆ ಜಂಬ ಇಳಿಸಿದ್ದು ಸುಲಿಯದ ತೆಂಗಿನಕಾಯಿಗಿಂತ ತುಸು ದೊಡ್ಡದಾದ ಒಂದು ನಾಯಿ. ಹೆಸರಿನಿಂದಾದರೂ ಬುದ್ಧಿ ಬರಲೆಂದು ಅದನ್ನು ಗಂಭೀರ ಎಂದು ಕರೆದೆವು. ಬರಲಿಲ್ಲ.

ಬಂದವರನ್ನು ಅದು ಅಷ್ಟಾಗಿ ಲೆಕ್ಕಿಸದು. ಹೊರಡುವವರನ್ನು ಕಂಡರೆ ಮಾತ್ರ ಮೈಮೇಲೆ ಬಂದ ಹಾಗೆ ಕುಣಿಯುತ್ತದೆ. ‘ಬರ್ತೀನಿ’ ಎಂಬ ಮಾತು ಕಿವಿಗೆ ಬಿದ್ದರೆ ತನ್ನನ್ನೇ ತಿರುಗಾಟಕ್ಕೆ ಕರೆದರೆಂದು ಅದರ ತಿಳಿವಳಿಕೆ. ನಮ್ಮ ಕಡೆ ಹೊರಡುವುದೆಂದರೆ ಎದ್ದು ಹೋಗುವುದಲ್ಲವಲ್ಲ. ಕುರ್ಚಿಯಲ್ಲಿ ಕೂತೇ ಒಮ್ಮೆ ‘ಬರ್ತೀನಿ’ ಎನ್ನಬೇಕು. ಕುಂಕುಮ ಹಚ್ಚಿಕೊಂಡು ಇನ್ನೊಮ್ಮೆ, ಮೆಟ್ಟಿಲಲ್ಲಿ ದಾಸವಾಳದ ಕೊಂಬೆ ಕೇಳಿಕೊಂಡು ಮತ್ತೊಮ್ಮೆ. ಗೇಟಿನ ಮೇಲೆ ಕೈಯಿಟ್ಟ ಮೇಲೆ ನಿಜವಾದ ಮಾತು ಶುರು. ಅಮ್ಮ ಇದರಲ್ಲಿ ಪಂಡಿತೆ. ಹೊಸನಗರದ ತನ್ನ ಅಕ್ಕನ ಮನೆಯಿಂದ ಹೊರಟರೆ ಗೇಟಿನ ಮಾತಿಗೆ ಒಂದು ಬಸ್ಸು ತಪ್ಪಲೇಬೇಕು. ಚಿಕ್ಕವಳಾದ ನಾನು ಅವಳ ಸೆರಗು ಜಗ್ಗುತ್ತ ನಿಂತಿರುತ್ತಿದ್ದೆ, ಅಕ್ಕತಂಗಿಯರು ನಗುತ್ತಲೇ ಇರುತ್ತಿದ್ದರು.

ಆ ಅಕ್ಕನೇ ನನ್ನ ದೊಡ್ಡಮ್ಮ. ಕಳೆದ ಸಲ ನಮ್ಮಲ್ಲಿಂದ ಹೊರಟಾಗ ಗಂಭೀರ ಅವಳ ಕಾಲಿಗೆ ಅಡ್ಡ ಹಾರಿತು. ಮೊಣಕಾಲಿನ ಆಪರೇಷನ್ ಆದವಳು. ಮೆಟ್ಟಿಲ ಕಂಬಿ ಕೈಗೆ ಸಿಗದಿದ್ದರೆ ಬಿದ್ದೇಬಿಡುತ್ತಿದ್ದಳು. ಆಮೇಲೆ ಫೋನಿನಲ್ಲಿ, ಇನ್ನು ಮೇಲೆ ನೀನೇ ಬಂದು ಹೋಗು ಎಂದು ನಯವಾಗಿ ಹೇಳಿದಳು. ನಾಯಿಯನ್ನು ಕಟ್ಟಿಹಾಕೋಣವೆಂದರೆ ಅದರ ಗೋಳಾಟದಲ್ಲಿ ನಮ್ಮ ಮಾತು ನಮಗೇ ಕೇಳಿಸದು. ಅಮ್ಮ ತೀರಿಕೊಂಡ ಮೇಲೆ, ಅವಳನ್ನು ಎರಡು ಜಡೆಯ ಹುಡುಗಿಯಾಗಿ ಕಂಡವರು ಉಳಿದಿರುವುದು ದೊಡ್ಡಮ್ಮ ಒಬ್ಬಳೇ. ಅವಳು ಬಂದು ನಮ್ಮ ಅಡುಗೆಮನೆಯಲ್ಲಿ ಕೂರದಿದ್ದರೆ ನನಗೆ ತವರೇ ಇಲ್ಲವಾದಂತೆ.

ಹೊರಡುವಾಗ ಯಾರಿಗೂ ಹೇಳದೆ ಹೊರಟುಬಿಡಿ, ನಾಯಿ ಶಾಂತವಾಗಿರುತ್ತದೆ ಎಂದಿತು ಮೊಬೈಲಿನ ವಿಡಿಯೋ. ಹೇಳದೆ ಹೊರಡುವುದು ನಮ್ಮಲ್ಲಿ ಜಗಳವಾಡಿದವರ ಲಕ್ಷಣ. ಹಾಗಾಗಿ ನಾವು ತದ್ವಿರುದ್ಧ ಮಾಡಿದೆವು. ನಮ್ಮ ಯಜಮಾನರು ‘ಬರ್ತೀನಿ’ ಎಂದು ಎದ್ದು ಮತ್ತೆ ಪೇಪರ್ ಹಿಡಿದು ಕೂತರು. ನಾನು ‘ಬರ್ತೀನಿ’ ಎಂದು ಗೇಟು ಮುಟ್ಟಿ ಬಂದು ಹುರುಳಿಕಾಯಿ ಹೆಚ್ಚಿದೆ. ನಾಯಿ ಹಾರದಿದ್ದರೆ ಅದಕ್ಕೊಂದು ಚೂರು ಚಪಾತಿ. ಇದು ದಿನವೂ ನಡೆದಾಗ ಪಕ್ಕದ ಮನೆಯ ಶಾರದಕ್ಕ ಕಾಂಪೌಂಡಿನಾಚೆಯಿಂದ, ನಿಮ್ಮಿಬ್ಬರಲ್ಲಿ ಎಲ್ಲ ಸರಿ ಇದೆಯಾ ಎಂದು ಮೆಲ್ಲಗೆ ವಿಚಾರಿಸಿದರು. ನಡುವೆ ನನಗೂ ಬೇಸರ ಬಂತು. ಹಂದಿಯ ಮೇಲೆ ಎರಗಿದ ನಾಯಿಗಳನ್ನು ವೀರಗಲ್ಲುಗಳಲ್ಲಿ ಕೆತ್ತಿದ್ದಾರೆ. ಸುಮ್ಮನೆ ಕೂತ ನಾಯಿಗೆ ಯಾರಾದರೂ ಕಲ್ಲು ನಿಲ್ಲಿಸಿದ್ದುಂಟೇ?

ಕೊನೆಗೆ, ಈ ಮನೆಯಲ್ಲಿ ‘ಬರ್ತೀನಿ’ ಎಂದವರು ಎಲ್ಲಿಗೂ ಹೋಗುವುದಿಲ್ಲ ಎಂಬ ತೀರ್ಮಾನಕ್ಕೆ ಗಂಭೀರ ಬಂದಿತು. ದೊಡ್ಡಮ್ಮನನ್ನು ಒತ್ತಾಯ ಮಾಡಿ ಕರೆಸಿದೆ. ಅವಳು ಕುರ್ಚಿಯಲ್ಲಿ ಹೇಳಿದಳು, ಕುಂಕುಮ ಹಚ್ಚಿಕೊಂಡು ಹೇಳಿದಳು, ಕಂಬಿಯನ್ನು ಬಿಗಿಯಾಗಿ ಹಿಡಿದು ಮೆಟ್ಟಿಲಲ್ಲೂ ಹೇಳಿದಳು. ನಾಯಿ ಮುಂಗಾಲಿನ ಮೇಲೆ ಮೂತಿಯಿಟ್ಟು ಮಲಗಿಯೇ ಇತ್ತು. ಇನ್ನು ಧೈರ್ಯವಾಗಿ ಬರಬಹುದು ಎಂದು ದೊಡ್ಡಮ್ಮ ನಕ್ಕಾಗ ನನಗೆ ಎಷ್ಟೋ ಹಗುರವಾಯಿತು.

ಗೇಟಿನಲ್ಲಿ ಮಾತು ಅಮ್ಮನ ಕಡೆ ತಿರುಗಿತು. ಅಷ್ಟು ಸಲ ‘ಬರ್ತೀನಿ’ ಎನ್ನುತ್ತಿದ್ದವಳು ಒಂದು ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಒಂದು ಸಲವೂ ಹೇಳದೆ ಹೋಗಿಬಿಟ್ಟಿದ್ದಳು. ಅಷ್ಟರಲ್ಲಿ ಆಟೋ ಬಂತು. ದೊಡ್ಡಮ್ಮ ಹತ್ತಿ ಕೂತು ‘ಬರ್ತೀನಿ’ ಎಂದಳು. ಆಟೋದ ಕಂಬಿ ಹಿಡಿದ ನನ್ನ ಕೈ ಬಿಡಲೊಲ್ಲದು.

“ಇನ್ನೊಂದ್ಸಲ ಹೇಳು ದೊಡ್ಡಮ್ಮ” ಎಂದೆ.

ಅವಳು ನನ್ನ ಮುಖ ನೋಡಿದಳು. “ಎಂತ ಮಾರಾಯ್ತಿ, ನಾಯೀನೇ ತೆಪ್ಪಗೆ ಮಲಗಿದೆ, ನಿಂಗೆಂತ ಆಯ್ತು?” ಎನ್ನುತ್ತ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಬಸ್ ನಿಲ್ದಾಣದಲ್ಲಿ ಹೊಸನಗರದ ಬಸ್ಸು ಹೊರಡುವ ತನಕ ಅವಳು ಕಿಟಕಿಯಿಂದ ‘ಬರ್ತೀನಿ’ ಎಂದು ಹೇಳುತ್ತಲೇ ಇದ್ದಳು. ನಾನು ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಂಡೆ.