ಬಳಚಿನ ನಾಗವೇಣಕ್ಕ

ಗದ್ದೆಯಲ್ಲಿ ನಾಗವೇಣಕ್ಕ ಎಲ್ಲರ ಹಾಗೆ ಕಾಲೆತ್ತಿ ನಡೆಯುತ್ತಿರಲಿಲ್ಲ. ಹೆಬ್ಬೆರಳಿನಿಂದ ಕೆಸರು ತಡಕುತ್ತಾ, ಪಾದ ಜಾರಿಸಿಕೊಂಡು ಹೋಗುತ್ತಿದ್ದಳು. ನಮ್ಮೂರು ಹೊಸಬಾಳೆಯ ಹೆಂಗಸರು ನಕ್ಕರೆ, "ನಗಿ ನಗಿ. ನಮ್ಮ ಹೊಳೆಯಲ್ಲಿ ಹಿಂಗೆ ನಡೆದವಳಿಗೇ ಊಟ" ಎನ್ನುತ್ತಿದ್ದಳು.

ಅವಳ ತವರು ಕುಮಟೆಯ ಕಡೆ, ಹೊಳೆ ಸಮುದ್ರ ಸೇರುವಲ್ಲಿ. ಇಳಿತದ ಹೊತ್ತಿಗೆ ಕೆಸರಿನಿಂದ ಬಳಚು ಹೆಕ್ಕಿ ಬೆಳೆದವಳು. ಬಳಚು ಅಂದರೆ ಎರಡು ಚಿಪ್ಪಿನೊಳಗಿನ ಮೆತ್ತನೆಯ ಜೀವ; ಅದರ ಸಾರಿನ ರುಚಿ ಉಂಡವರಿಗೇ ಗೊತ್ತು. ಮದುವೆಯಾಗಿ ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಅವಳಿಗೆ ಅದರದೇ ಧ್ಯಾನ.

"ಅಂಬ್ಲಿಗೊಳದ ಡ್ಯಾಮಿನ ನೀರಲ್ಲಿ ಒಂದಿಷ್ಟು ಬಿಟ್ಟು ಸಾಕಿದ್ರಾಯ್ತಲ್ಲ ಅಕ್ಕಾ" ಅಂದೆ ಒಮ್ಮೆ.

"ಅಯ್ಯೋ ಮಾರಾಯ್ತಿ, ಅದಕ್ಕೆ ಉಪ್ಪುನೀರೂ ಬೇಕು, ಸ್ವಲ್ಪ ಹೊಳೆನೀರೂ ಬೇಕು. ಬರೀ ಸಿಹಿನೀರು ಬಂದ್ರೆ ಬಾಯಿ ಮುಚ್ಕಂಡು ಕಾಯ್ತದೆ. ಎಷ್ಟು ದಿನ ಅಂತ ಕಾದೀತು?"

ಒಂದು ಮಳೆಗಾಲ ಘಟ್ಟದ ಮಳೆ ಬಿಡದೆ ಸುರಿದು ಅವಳ ತವರಿನ ಹೊಳೆಯಲ್ಲಿ ಸಿಹಿನೀರೇ ನಿಂತಿತು. ಅವಳ ತಂಗಿ ಸುಮಿತ್ರಾ ಫೋನಿನಲ್ಲಿ ಅತ್ತಳು: "ಅಕ್ಕಾ, ಬಳಚೆಲ್ಲ ಬಾಯಿ ಬಿಟ್ಕಂಡು ಸತ್ತು ಬಿದ್ದಾವೆ." ಮರುದಿನವೇ ನಾಗವೇಣಕ್ಕ ಹೊರಟಳು. ಜೊತೆಗೆ ನಾನೂ ಹೋದೆ.

ದಡದ ತುಂಬ ಖಾಲಿ ಚಿಪ್ಪು. ಒಂದು ದಿಬ್ಬದ ಬದಿಯಲ್ಲಿ ಮಾತ್ರ ಸ್ವಲ್ಪ ಬಳಚು ಉಳಿದಿತ್ತು. ಬುಟ್ಟಿ ಹಿಡಿದು ಅಲ್ಲಿಗೆ ಇಳಿಯುತ್ತಿದ್ದ ಹೆಂಗಸರಿಗೆ ನಾಗವೇಣಕ್ಕ ಅಡ್ಡ ನಿಂತಳು.

"ಇವನ್ನ ಮುಟ್ಬೇಡ್ರೇ. ಇವು ಮೊಟ್ಟೆ ಬಿಟ್ರೆ ಮರಿ ತೇಲ್ಕಂಡು ಹೋಗಿ ಹೊಳೆ ತುಂಬ ಕೂರ್ತಾವೆ."

"ನೀನು ಘಟ್ಟ ಹತ್ತಿ ಹೋದವಳು. ಇಲ್ಲಿ ನಮ್ಮ ಒಲೆ ಉರೀಬೇಕಲ್ಲ?" ಎಂದಳೊಬ್ಬಳು.

ನಾಗವೇಣಕ್ಕನ ಕಣ್ಣು ತುಂಬಿತು. "ಹೌದು. ಅದಕ್ಕೇ ನಾನೂ ಇಲ್ಲೇ ಇರ್ತೇನೆ. ನೀವು ಮಾಡಿದ ಕೂಲಿ ನಾನೂ ಮಾಡ್ತೇನೆ."

ಅಂದ ಹಾಗೇ ಉಳಿದಳು. "ಗದ್ದೆ ನಾನು ನೋಡ್ಕೋತೀನಿ, ಇರು" ಎಂದರು ಫೋನಿನಲ್ಲಿ ಅವಳ ಗಂಡ. ಹೆಂಗಸರೊಡನೆ ಕೂತು ಮೀನು ಒಣಗಿಸುತ್ತಾ, ಜಗಳವಾಡುತ್ತಾ, ನಗಿಸುತ್ತಾ ದಿನ ದೂಡಿದಳು. ಆ ಬದಿಗೆ ಯಾರೂ ಇಳಿಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾನು ಹೋದಾಗ ಬೊಗಸೆ ಕೆಸರೆತ್ತಿ ತೊಳೆದು ತೋರಿಸಿದಳು. ಹೆಸರುಕಾಳಿನಷ್ಟು ಚಿಪ್ಪುಗಳು! "ನೋಡು ತಂಗೀ, ಎಲ್ಲಾ ಜೀವ ಇದಾವೆ" ಎಂದವಳು ಮತ್ತೆ ಅವನ್ನು ಮೆಲ್ಲಗೆ ನೀರಿಗೆ ಬಿಟ್ಟಳು. ನಾವು ಜೊತೆಯಾಗಿ ಹೊಳೆಗಿಳಿದದ್ದು ಅದೇ ಕೊನೆ. ಹೊಸಬಾಳೆಗೆ ಮರಳಿದ ವರ್ಷವೇ ಎದೆನೋವು ಬಂದು ತೀರಿಕೊಂಡಳು.

ಮೊನ್ನೆ ಶಿರಾಳಕೊಪ್ಪದ ಸಂತೆಯಲ್ಲಿದ್ದಾಗ ಸುಮಿತ್ರಾಳ ಫೋನು. "ಈ ಸಲ ಹೊಳೆ ತುಂಬ ಬಳಚು ಕಣೇ, ಉಣ್ಣೂಕೆ ಬಾ. ಆ ದಿಬ್ಬದ ಬದಿ ಮಾತ್ರ ಬೀಜಕ್ಕೆ ಅಂತ ಬಿಟ್ಟಿದ್ದೇವೆ. ಈಗ ಯಾರೂ ಅಡ್ಡ ನಿಲ್ಲೂದು ಬೇಡ."