ಶೋಭಾಳ ಲೆನ್ಸಿಗೆ ಹೊಯ್ದ ಬಿಸಿನೀರು

ಶೋಭಾಳ ಲೆನ್ಸುಗಳನ್ನು ಹಾಳು ಮಾಡಿದವಳು ನಾನು. ಅವಳ ಕಣ್ಣೇ ಕೆಡುತ್ತಿದೆ ಎಂದು ಡಾಕ್ಟರು ನಂಬಿದರು, ಮನೆಯವರು ನಂಬಿದರು, ಅವಳೂ ನಂಬಿದಳು. ನಾನು ಸುಮ್ಮನಿದ್ದೆ. ಕುದಿಯುವ ನೀರು ಹೊಯ್ದಿದ್ದೆ — ಒಂದು ಸಲವಲ್ಲ, ಎರಡು ಸಲ. ಮೊದಲನೆಯದು ತಿಳಿಯದೆ. ಎರಡನೆಯದು... ಅದನ್ನು ಹೇಳುವುದಕ್ಕೇ ಈ ಬರಹ.

ಶೋಭಾ ನನ್ನ ಮಗನ ಮಗಳು. ನಾವು ಮೈಸೂರು ಕಡೆಯವರು. ಮಗನಿಗೆ ಬೊಂಬಾಯಿಯ ಫೋರ್ಟ್ ಪೇಟೆಯ ಬ್ಯಾಂಕಿನಲ್ಲಿ ಕೆಲಸವಾದ ಮೇಲೆ ಇಲ್ಲಿಗೆ ಬಂದು ಊರಾಚೆಯ ದಹಿಸರ್‌ನಲ್ಲಿ ಮನೆ ಮಾಡಿದೆವು. ಮಗ ಸೊಸೆ ಬೆಳಿಗ್ಗೆಯೇ ಲೋಕಲ್ ರೈಲು ಹಿಡಿದು ಹೊರಟರೆ ಮನೆಯಲ್ಲಿ ಉಳಿಯುವವರು ನಾನು ಮತ್ತು ಈ ಹುಡುಗಿ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಮಾಡಿದ್ದರಲ್ಲಿ ತಿದ್ದುವಂಥದ್ದು ಈಗ ಏನೂ ಉಳಿದಿಲ್ಲ.

ಶೋಭಾಗೆ ಶಾಲೆಗೆ ಹೋಗುವಾಗಿನಿಂದ ದಪ್ಪ ಕನ್ನಡಕ. ಸಿಲಿಂಡರ್ ನಂಬರು ಅನ್ನುತ್ತಿದ್ದರು.

"ಕಣ್ಣಿನೊಳಗೆ ಯಾವ ಸಿಲಿಂಡರೇ? ನಮಗೆ ಗ್ಯಾಸಿಂದೇ ಸಿಗ್ತಾ ಇಲ್ಲ" ಎಂದು ನಾನು ಕೇಳಿದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಕಣ್ಣುಗುಡ್ಡೆಯ ಮೇಲ್ಮೈ ಚೆಂಡಿನ ಹಾಗೆ ಸಮನಾಗಿ ಗುಂಡಗಿರದೆ ಒಂದು ಕಡೆಗೆ ಹೆಚ್ಚು ಬಾಗಿದೆಯಂತೆ. ಹಾಗಾಗಿ ನಿಂತ ಗೆರೆ ಕಪ್ಪಗೆ ಕಂಡರೆ ಮಲಗಿದ ಗೆರೆ ಮಸುಕು.

ಬಿ.ಎ. ಮುಗಿಸಿದ ವರ್ಷ ಸಮುದ್ರದ ಎದುರಿನ ದೊಡ್ಡ ಹೋಟೆಲೊಂದರಲ್ಲಿ ಅವಳನ್ನು ಆರಿಸಿದರು. ಹೋಟೆಲು ಎಂದರೆ ನನಗೆ ದೋಸೆ ಹೊಯ್ಯುವ ಜಾಗ. ಇದು ಹಾಗಲ್ಲ, ಬಂದವರನ್ನು ನಗುನಗುತ್ತ ಮಾತಾಡಿಸಿ ರೂಮಿನ ಕೀಲಿ ಕೊಡುವ ಕೆಲಸ. ಆದರೆ ಆ ಜಾಗದಲ್ಲಿ ನಿಲ್ಲುವ ಹುಡುಗಿ ಕನ್ನಡಕ ಹಾಕುವಂತಿಲ್ಲ. ಆಗಿನ ಕಾಲ ಹಾಗಿತ್ತು. ಲೆನ್ಸ್ ಹಾಕಿಕೊಂಡು ಬಾ, ಸೇರಿಸಿಕೊಳ್ಳುತ್ತೇವೆ ಎಂದರು.

ಫೋರ್ಟಿನಲ್ಲಿ ಲೆನ್ಸಿನ ಡಾಕ್ಟರೊಬ್ಬರಿದ್ದರು. ಜೊತೆಗೆ ಹೋಗುತ್ತಿದ್ದವಳು ನಾನೇ. ಇವಳ ಕಣ್ಣಿಗೆ ಮೆತ್ತನೆಯ ಲೆನ್ಸ್ ಆಗದು, ಅದು ಕಣ್ಣಿನ ಸೊಟ್ಟವನ್ನೇ ಹಿಡಿದು ಕೂರುತ್ತದೆ. ಗಟ್ಟಿಯದಾದರೆ ತನ್ನ ಆಕಾರ ಬಿಡುವುದಿಲ್ಲ, ಸಂದಿನಲ್ಲಿ ಕಣ್ಣೀರು ತುಂಬಿಕೊಂಡು ಎಲ್ಲ ಸಮನಾಗುತ್ತದೆ ಎಂದು ಅವರು ವಿವರಿಸಿದರು. ಮೊದಲು ಇಟ್ಟ ಲೆನ್ಸ್ ಬಿಗಿಯಾಯಿತು. ಆಮೇಲಿನದು ರೆಪ್ಪೆ ಬಡಿದರೆ ಜಾರುತ್ತಿತ್ತು. ಪ್ರತಿ ಸಲ ಕಣ್ಣಿಗೆ ಬಣ್ಣದ ಹನಿ ಬಿಟ್ಟು, ನೀಲಿ ದೀಪ ಹಿಡಿದು ಬಗ್ಗಿ ನೋಡುವರು, ತಲೆ ಅಲ್ಲಾಡಿಸುವರು, ಇನ್ನೊಂದು ತೆಗೆಯುವರು. ಹುಡುಗಿಯ ಕಣ್ಣಲ್ಲಿ ನೀರು ಧಾರೆಧಾರೆ. "ಸಾಕು ಬಿಡೇ" ಎಂದರೆ ಕೇಳಳು. ಕೊನೆಗೊಂದು ಜೊತೆ ಸರಿಯಾಗಿ ಕೂತಿತು. ಅದನ್ನು ಹಾಕಿಕೊಂಡು ಚರ್ಚ್‌ಗೇಟ್ ಸ್ಟೇಷನ್ನಿಗೆ ಬಂದಾಗ, ಯಾವ ರೈಲು ಎಂದು ತೋರಿಸುವ ಇಂಡಿಕೇಟರನ್ನು ಅಷ್ಟು ದೂರದಿಂದ ಓದಿದಳು.

"ಅಜ್ಜಿ, ಬೊರಿವ್ಲಿ ಫಾಸ್ಟ್! ಕನ್ನಡಕ ಇಲ್ದೆ ಕಾಣ್ತಿದೆ ಅಜ್ಜಿ!"

ನನ್ನ ರಟ್ಟೆಯಲ್ಲಿ ಅವಳ ಉಗುರು ಊರಿತ್ತು. ಆ ದಿನ ನನಗೂ ಸಂತೋಷವಾಗಿತ್ತು. ಸುಳ್ಳಲ್ಲ.

ಆದರೆ ಲೆನ್ಸಿಗೆ ಹಾಕುವ ನೀರಿನ ಬಾಟಲಿ ಕೈಗೆ ಸಿಗದಿದ್ದರೆ ಇವಳು ಏನು ಮಾಡುತ್ತಿದ್ದಳು ಗೊತ್ತೇ? ಲೆನ್ಸನ್ನು ನಾಲಿಗೆಯ ಮೇಲಿಟ್ಟು ಒದ್ದೆ ಮಾಡಿ ಕಣ್ಣಿಗೆ ಹಾಕಿಕೊಳ್ಳುತ್ತಿದ್ದಳು. ಅದೂ ಅಡುಗೆಮನೆಯಲ್ಲಿ, ದೇವರ ಗೂಡಿನ ಎದುರಿಗೇ, ಬೆಳಕು ಚೆನ್ನಾಗಿದೆ ಎಂದು.

"ಥೂ, ಎಂಜಲು! ಮಡೀಲಿದೀನಿ, ಆಚೆ ಹೋಗೇ!"

"ಚಲ್ತಾ ಹೈ ಅಜ್ಜಿ. ನನ್ನ ಎಂಜಲು, ನನ್ನ ಕಣ್ಣು. ದೇವರಿಗೇನು?"

ರಾತ್ರಿ ತೆಗೆದ ಲೆನ್ಸುಗಳ ಡಬ್ಬಿಯನ್ನೂ ಅಲ್ಲೇ ಬೇಳೆ ಡಬ್ಬಿಯ ಪಕ್ಕ ಇಟ್ಟು ಹೋಗುತ್ತಿದ್ದಳು. ನಮ್ಮಲ್ಲಿ ಎಂಜಲು ತಾಗಿದ್ದನ್ನು ಹಾಗೆಯೇ ಬಿಡುವುದಿಲ್ಲ. ಒಂದು ಬೆಳಿಗ್ಗೆ ಕಾಫಿ ಡಿಕಾಕ್ಷನ್ನಿಗೆ ಇಟ್ಟ ನೀರು ಮರಳುತ್ತಿತ್ತು. ಡಬ್ಬಿ ತೆರೆದು ಎರಡು ಲೆನ್ಸಿನ ಮೇಲೂ ಹೊಯ್ದೆ. ಬಸಿದು, ತಣ್ಣೀರು ತುಂಬಿ, ಮುಚ್ಚಿಟ್ಟೆ. ಎದುರು ಮನೆಯ ಗುಜರಾತಿ ಹುಡುಗಿ ತನ್ನ ಲೆನ್ಸನ್ನು ಕರೆಂಟಿನ ಪೆಟ್ಟಿಗೆಯಲ್ಲಿಟ್ಟು ದಿನಾ ಕುದಿಸುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಅವಳದು ಮೆತ್ತನೆಯದು, ಇವಳದು ಗಟ್ಟಿಯದು — ಆ ಭೇದ ನನ್ನ ತಲೆಗೆ ಹೋಗಿರಲಿಲ್ಲ. ಅವಳದಕ್ಕೆ ಬೇಕಾದದ್ದು ಇವಳದಕ್ಕೆ ಆಗದು ಎಂದರೆ ಏನರ್ಥ? ಇವತ್ತಿಗೂ ನನಗೆ ಪೂರ್ತಿ ಅರ್ಥವಾಗಿಲ್ಲ.

ಅಂದೇ ಅವಳ ಕಣ್ಣು ಉರಿಯಿತು, ಅಕ್ಷರ ಮಂಜಾಯಿತು. ಮತ್ತೆ ಫೋರ್ಟು. ಡಾಕ್ಟರು ಲೆನ್ಸನ್ನು ಬೆಳಕಿಗೆ ಹಿಡಿದು, ಇದು ಬಾಗಿಹೋಗಿದೆ ಎಂದರು.

"ಗರಂ ಪಾನೀ ಮೇ ತೋ ನಹೀಂ ಡಾಲಾ?"

"ನಹೀಂ ಡಾಕ್ಟರ್" ಎಂದಳು ಶೋಭಾ.

ಹಿಂದಿ ತಿಳಿಯಲಿಲ್ಲ ಎಂದು ನಾನು ಈಗ ಹೇಳಿಕೊಳ್ಳಬಹುದು. ತಿಳಿಯಿತು. ಬಿಸಿನೀರು ತಾಗಿದರೆ ಈ ಲೆನ್ಸ್ ಕೆಡುತ್ತದೆ ಎಂಬುದೂ ಅಲ್ಲೇ ತಿಳಿಯಿತು. ಬಾಯಿ ಬಿಡಲಿಲ್ಲ. ಮನೆಗೆ ಹೋಗಿ ಹೇಳೋಣ ಅಂದುಕೊಂಡೆ. ಮನೆಗೆ ಬಂದೆ — ಹೇಳಲಿಲ್ಲ.

ಹೊಸ ಜೊತೆ ಬಂತು. ಮತ್ತೆ ಬಣ್ಣದ ಹನಿ, ನೀಲಿ ದೀಪ. ಅದೂ ಚೆನ್ನಾಗಿ ಕೂತಿತು. ಹೋಟೆಲಿನವರು ಸೇರುವ ದಿನ ಹೇಳಿದರು, ಗಣೇಶನ ಹಬ್ಬದ ಮಾರನೆಯ ದಿನ. ಗೌರಿಹಬ್ಬದ ಬೆಳಿಗ್ಗೆ ಶೋಭಾ ಎಣ್ಣೆನೀರಿಗೆ ಹೋಗುವ ಮೊದಲು ಲೆನ್ಸ್ ತೆಗೆದು ಬಾಯಲ್ಲಿ ಹಾಕಿ ಡಬ್ಬಿಗಿಟ್ಟಳು. ಗೌರಮ್ಮನನ್ನು ಕೂರಿಸಿದ ಮಣೆಯ ಪಕ್ಕದಲ್ಲೇ!

"ಅಜ್ಜಿ, ಮೊದಲನೇ ವಾರಾನೇ ನೈಟ್ ಡ್ಯೂಟಿ ಅಂತೆ. ಪಪ್ಪಂಗೆ ನೀನೇ ಪಟಾಯಿಸಬೇಕು, ಹಾಂ!" ಎಂದು ನಗುತ್ತ ಬಚ್ಚಲಿಗೆ ಹೋದಳು.

ಒಲೆಯ ಮೇಲೆ ನೀರು ಮರಳುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಎಂಜಲು ಸಹಿಸಲಾಗಲಿಲ್ಲವೋ — ಹುಡುಗಿ ರಾತ್ರಿಯೆಲ್ಲ ಪರಗಂಡಸರಿಗೆ ಕೀಲಿ ಕೊಡುತ್ತ ನಿಲ್ಲುವುದು ಸಹಿಸಲಾಗಲಿಲ್ಲವೋ — ಅಥವಾ ಅವಳು ಅಷ್ಟು ಖುಷಿಯಾಗಿದ್ದದ್ದೇ... ಎಷ್ಟು ಸಲ ಕೆದಕಿದರೂ ಮೂರೂ ಬೆರೆತುಕೊಳ್ಳುತ್ತವೆ, ಒಂದೂ ಬೇರೆಯಾಗಿ ಕೈಗೆ ಸಿಗುವುದಿಲ್ಲ. ಕೆಡುತ್ತದೆ ಎಂದು ಗೊತ್ತಿತ್ತು, ಅದು ಮಾತ್ರ ಖಂಡಿತ. ಹೊಯ್ದೆ.

ಮತ್ತೆ ಕಣ್ಣು ಉರಿದು, ಸೇರುವ ದಿನ ಕೆಂಪು ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಹೋಟೆಲಿಗೆ ಹೋದಳು. ವಾಪಸು ಕಳಿಸಿದರು. ಅಲ್ಲಿಂದ ಡಾಕ್ಟರ ಹತ್ತಿರ. ಅವರಿಗೆ ಸೋಜಿಗವಾಯಿತು. ಇಷ್ಟು ಬೇಗ ಮತ್ತೆ ಹೇಗೆ ಎಂದು ಬಿಸಿನೀರಿನ ಮಾತು ಮತ್ತೆ ಎತ್ತಿದರು. ಶೋಭಾ ದೇವರ ಮೇಲೆ ಆಣೆಯಿಟ್ಟು ಇಲ್ಲವೆಂದಳು. ಆಗ ಅವರು ನನ್ನ ಕಡೆ ತಿರುಗಿದರು.

"ದಾದೀಜಿ, ಘರ್ ಮೇ ಕಿಸೀ ನೇ?"

ಮನೆಯಲ್ಲಿ ಯಾರೂ ಹೊಯ್ದಿಲ್ಲವೆಂದು ನಾನು ತಲೆಯಾಡಿಸಿದೆ.

ಹಾಗಾದರೆ ಕಣ್ಣಿನ ಆಕಾರವೇ ಬದಲಾಗುತ್ತಿರಬಹುದು, ಇನ್ನು ಲೆನ್ಸ್ ಬೇಡ, ವರ್ಷಕ್ಕೊಮ್ಮೆ ತೋರಿಸಿ, ಹೆಚ್ಚಾದರೆ ದೃಷ್ಟಿಗೇ ತೊಂದರೆ, ಆಗ ನೋಡೋಣ ಎಂದರು. ಅವರ ತಪ್ಪೇನು? ಮನೆಯ ಮುದುಕಿ ಸುಳ್ಳು ಹೇಳುತ್ತಾಳೆಂದು ಅವರಿಗೇನು ಗೊತ್ತು?

ಕೆಲಸ ಹೋಯಿತು. ಅಳುವಷ್ಟು ಅತ್ತು, ಟೈಪಿಂಗ್ ಕಲಿತು, ಒಂದು ಆಫೀಸು ಸೇರಿದಳು. ಅಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆನೇನೋ. ಆದರೆ ಪ್ರತಿ ವರ್ಷ ಕಣ್ಣು ತೋರಿಸಿ ಬಂದು, "ಈ ವರ್ಷ ಬಚಾವ್ ಅಜ್ಜಿ, ನಂಬರ್ ಅಷ್ಟೇ ಇದೆ" ಅನ್ನುತ್ತಾಳೆ. ಬರದೇ ಇರುವ ರೋಗದಿಂದ ಪ್ರತಿ ವರ್ಷ ಬಚಾವಾಗುತ್ತಾಳೆ. ಬರದೇ ಇರುವ ರೋಗ ಅಂದೆ — ಅದೂ ನನಗೇನು ಗೊತ್ತು? ಡಾಕ್ಟರು ಹೇಳಿದ್ದರಲ್ಲಿ ನಿಜವೂ ಇದ್ದರೆ? ಇಷ್ಟು ವರ್ಷ ಹೀಗೆಯೇ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಿಕೊಂಡು ಕಾಲ ಕಳೆದೆ.

ಈಗ ಅವಳ ಆಫೀಸಿನ ಹುಡುಗನೊಬ್ಬ ಮದುವೆಯಾಗುತ್ತೇನೆ ಎಂದಿದ್ದಾನೆ. ಒಳ್ಳೆಯವನು, ಮನೆಗೂ ಬಂದಿದ್ದ. ಇವಳು ನಮ್ಮೆದುರು ಬೇಡವೆಂದಳು, ಅವನಿಗಿನ್ನೂ ಹೇಳಿಲ್ಲ. ಯಾಕೆ ಎಂದು ಅವಳಮ್ಮ ಕೇಳಿದರೆ, "ನಾಳೆ ಕಣ್ಣು ಹೋದ್ರೆ ಅವನ ತಲೆ ಮೇಲೆ ಕೂತ್ಕೊಳ್ಲಾ?" ಎಂದಳು. ನಾನು ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ. ಅದನ್ನು ಅಲ್ಲಿಗೇ ಬಿಟ್ಟು ಇದನ್ನು ಬರೆಯಲು ಕೂತೆ.

ಇಷ್ಟು ಬರೆದ ಮೇಲೆ ಒಂದು ಹೊಳೆಯಿತು. ಶೋಭಾ ಕನ್ನಡ ಮಾತಾಡುತ್ತಾಳೆ, ಬೊಂಬಾಯಿಯ ಶಾಲೆಯಲ್ಲಿ ಕಲಿತವಳು, ಓದಲು ಅವಳಿಗೆ ಬಾರದು. ನೀವೆಲ್ಲ ಇದನ್ನು ಓದುವಿರಿ, ಅವಳೊಬ್ಬಳನ್ನು ಬಿಟ್ಟು. ಹಾಗಿದ್ದರೆ ನಾನು ಬರೆದದ್ದು ಹೇಳುವುದಕ್ಕೋ, ಮತ್ತೆ ಅಡಗಿಸಿಡುವುದಕ್ಕೋ?

ಇವತ್ತು ಅವಳು ಆಫೀಸಿನಿಂದ ಬಂದು, ಕಾಲು ತೊಳೆದು, ಕಾಫಿ ಕುಡಿಯಲಿ. ಆಮೇಲೆ ಎದುರು ಕೂರಿಸಿಕೊಂಡು ಬಾಯಿಬಿಟ್ಟು ಹೇಳುತ್ತೇನೆ. ನಡೆದದ್ದನ್ನು ಕಣ್ಣಿನ ಡಾಕ್ಟರಿಗೂ ಹೇಳು, ಇನ್ನೊಮ್ಮೆ ಸರಿಯಾಗಿ ನೋಡಲಿ, ಆ ಹುಡುಗನಿಗೆ ಅಲ್ಲಿಯವರೆಗೆ ಬೇಡ ಅನ್ನಬೇಡ ಎನ್ನುತ್ತೇನೆ. ಕೂಗಾಡುತ್ತಾಳೆ, ಕೂಗಾಡಲಿ. ಮಾತು ಬಿಡುತ್ತಾಳೆ, ಬಿಡಲಿ. ಯಾಕೆ ಮಾಡಿದೆ ಅಜ್ಜಿ ಎಂದು ಕೇಳೇ ಕೇಳುತ್ತಾಳೆ. ಮಡಿಯ ಮಾತು ಎತ್ತುವುದಿಲ್ಲ. ಗೊತ್ತಿಲ್ಲ ಕಣೇ ಎನ್ನುತ್ತೇನೆ. ಅವಳು ಅದನ್ನು ನಂಬದಿದ್ದರೆ, ನಂಬು ಎಂದು ಕೇಳುವುದಿಲ್ಲ.