ದಿನಕ್ಕೊಂದು ಹಸಿರು ಚೌಕ

ಕಳೆದ ತಿಂಗಳು ಹಾನಗಲ್ಲಿನಿಂದ ಫೋನ್ ಬಂತು. ನನಗೆ ಶಾಲು ಹೊದಿಸುತ್ತಾರಂತೆ. ಯಾವ ಸಾಧನೆಗೆ ಗೊತ್ತೇ? 'ಉಳ್ಳಾಗಡ್ಡಿ'ಗೆ.

ನಗಬೇಡಿ, ಹೇಳುತ್ತೇನೆ.

ವರ್ಷದ ಹಿಂದೆ ಇದೇ ಅಂಕಣಕ್ಕಾಗಿ ಕಂಪ್ಯೂಟರಿನಲ್ಲಿ 'ಉಳ್ಳಾಗಡ್ಡಿ' ಎಂದು ಟೈಪ್ ಮಾಡಿದ್ದೆ. ನಮ್ಮ ಕಡೆ ಈರುಳ್ಳಿಗೆ ಹಾಗೆನ್ನುತ್ತೇವೆ. ಕಾಗುಣಿತ ತಿದ್ದುವ ತಂತ್ರಾಂಶ ಅದರ ಕೆಳಗೆ ಕೆಂಪು ಗೆರೆ ಎಳೆಯಿತು. 'ಉಳ್ಳವರು' ಎಂದಿರಬೇಕಲ್ಲವೇ ಎಂದು ಸಲಹೆಯನ್ನೂ ಕೊಟ್ಟಿತು. ಶಿಗ್ಗಾವಿಯ ಮಕ್ಕಳಿಗೆ ಮೂವತ್ತೆರಡು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳಿಗೆ ಕೆಂಪು ಗೆರೆಯೇ? ನನ್ನ ಬಿ.ಪಿ. ಏರಿತು.

ವಿಚಾರಿಸಿದಾಗ ತಿಳಿಯಿತು, ಅದು ಮುಕ್ತ ತಂತ್ರಾಂಶ. ಓಪನ್ ಸೋರ್ಸ್ ಅನ್ನುತ್ತಾರಲ್ಲ, ಅದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಅದರ ಹೊಟ್ಟೆಯೊಳಗೆ ದೊಡ್ಡದೊಂದು ಪದಗಳ ಪಟ್ಟಿ ಇದೆ. ಅದರಲ್ಲಿ ನಮ್ಮ ಕಡೆಯ ಪದಗಳೇ ಇರಲಿಲ್ಲ. ಅದರ ಜಾಲತಾಣದಲ್ಲಿ ನಾನು ಖಾತೆ ತೆರೆದು 'ಉಳ್ಳಾಗಡ್ಡಿ' ಕಳಿಸಿದೆ. ಮರುದಿನ ಎಲೆಬಳ್ಳಿ ಎಂಬ ಹೆಸರಿನ ಖಾತೆಯಿಂದ ಉತ್ತರ ಬಂತು. 'ಸರಿ ಇದೆ. ಸೇರಿಸಿದೆ. ಧನ್ಯವಾದ.'

ಅಷ್ಟಕ್ಕೇ ನಿಂತಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಆದರೆ ಆ ತಾಣದಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ ಇರುತ್ತದೆ. ಅದರಲ್ಲಿ ವರ್ಷದ ಒಂದೊಂದು ದಿನಕ್ಕೂ ಒಂದೊಂದು ಪುಟ್ಟ ಚೌಕ. ಕೆಲಸ ಮಾಡಿದ ದಿನದ ಚೌಕ ಹಸಿರಾಗುತ್ತದೆ, ಮಾಡದ ದಿನದ್ದು ಬಿಳಿಚಿಕೊಂಡಿರುತ್ತದೆ. ಕೆಲಸ ಕೊಡುವವರು ಹುಡುಗರ ಈ ಪುಟ ನೋಡಿಯೇ ಅಳೆಯುತ್ತಾರಂತೆ. ನನಗೆ ಯಾರು ಕೆಲಸ ಕೊಡಬೇಕು? ಆದರೂ ಆ ಬಿಳಿ ಚೌಕಗಳು ನನ್ನನ್ನೇ ದಿಟ್ಟಿಸಿದಂತಾಗಿ ನಿದ್ದೆ ಬರಲಿಲ್ಲ.

ಒಂದು ಉಪಾಯ ಹೊಳೆಯಿತು. ಭಾನುವಾರ ಕೂತು ಏಳು ಪದ ಹುಡುಕುವುದು. ಗಂಗಾಳ, ಚಕ್ಕಡಿ, ಹಗೇವು, ರಂಟಿ, ಕುಂಟಿ ಹೀಗೆ ನಮ್ಮ ಕಡೆಯ ಹೊಲ-ಮನೆಯ ಪದಗಳು. ಆಮೇಲೆ ದಿನಕ್ಕೊಂದರಂತೆ ಕಳಿಸುವುದು. ವಾರವಿಡೀ ಹಸಿರು. (ಜಿಪುಣರು ಹಬ್ಬದ ಉಂಡಿ ತಿನ್ನುವುದೂ ಹೀಗೆಯೇ.) ನಮ್ಮ ಯಜಮಾನರು ಬೆಳಿಗ್ಗೆ ಚಹಾ ಕುಡಿಯುತ್ತ ಕೇಳತೊಡಗಿದರು, "ಇವತ್ತಿಂದು ಹಸಿರಾತೇನು?" ಅವರ ದನಿಯಲ್ಲಿ ಭಕ್ತಿಯೇನೂ ಇರಲಿಲ್ಲ.

ಹೀಗಿರುವಾಗ ಹಾನಗಲ್ಲಿನ ಕಾಲೇಜೊಂದರ ಕಂಪ್ಯೂಟರ್ ಅಧ್ಯಾಪಕ ಮಂಜುನಾಥ ಸರ್ ಫೋನ್ ಮಾಡಿದರು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕುಗಳಲ್ಲಿ ಮುಕ್ತ ತಂತ್ರಾಂಶಕ್ಕೆ ದುಡಿದವರ ಪಟ್ಟಿ ಮಾಡಿದ್ದಾರಂತೆ. "ಅಕ್ಕೋರ, ನೀವs ಫಸ್ಟ್ ಅದೀರಿ" ಎಂದರು. ನಾನು "ಅಯ್ಯ, ನಂದೇನೈತ್ರಿ" ಎಂದೆ. ಹಾಗೆನ್ನುತ್ತಲೇ ಯಾವ ಸೀರೆ ಉಡುವುದೆಂದು ಯೋಚಿಸುತ್ತಿದ್ದೆ.

ಶನಿವಾರ ಬೆಳಿಗ್ಗೆ ಶಿಗ್ಗಾವಿಯಲ್ಲಿ ಹಾನಗಲ್ ಬಸ್ ಹತ್ತಿದೆ. ಪಕ್ಕದಲ್ಲಿ ಸವಣೂರಿನಿಂದ ಬಂದು ಬಸ್ ಬದಲಿಸಿದ ಹೆಣ್ಣುಮಗಳೊಬ್ಬಳು ಕೂತಳು. ನಲವತ್ತರ ಆಸುಪಾಸು. ಬೆರಳ ತುದಿಯಲ್ಲಿ ಶಾಯಿಯ ಕಪ್ಪು. ಸವಣೂರಿನ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತಾಳಂತೆ. ಹೆಸರು ರೇಣುಕಾ.

"ಎಲ್ಲಿಗೆ ಹೊಂಟೀರಿ, ಅಕ್ಕಾರ?"

ಈ ಪ್ರಶ್ನೆಗೇ ಕಾದಿದ್ದೆ. ಬಂಕಾಪುರ ಬರುವಷ್ಟರಲ್ಲಿ ಅವಳಿಗೆ ಉಳ್ಳಾಗಡ್ಡಿಯಿಂದ ಹಿಡಿದು ಹಸಿರು ಚೌಕದವರೆಗೆ ಎಲ್ಲ ಹೇಳಿ ಮುಗಿಸಿದ್ದೆ. ಏಳು ಪದದ ಉಪಾಯವನ್ನೂ ಬಿಡಲಿಲ್ಲ.

"ಏಳೂ ಒಮ್ಮೆಗೇ ಕಳಸಾಕ ಬರೂದಿಲ್ಲೇನ್ರಿ?" ಎಂದಳು.

"ಬರ್ತೈತಿ. ಆದ್ರ ಹಂಗ ಕಳಿಸಿದ್ರ ಒಂದs ಚೌಕ ಹಸಿರಾಕ್ಕೈತಿ."

"ಹೌದಲ್ರಿ." ಅವಳು ಬೆರಳು ಮಡಿಸಿ ಎಣಿಸಿದಳು. "ಹಂಗಾರ ಅದನ್ನ ತಪಾಸ ಮಾಡೋರು ಏಳು ಸಲ ತಪಾಸ ಮಾಡಬೇಕಾಕ್ಕೈತಿ."

"ಏ, ಅದನ್ನ ಮಷೀನ್ ಮಾಡ್ತೈತಿ. ಎಲೆಬಳ್ಳಿ ಅಂತ. ದಿನಾ ಅದs ಮೂರು ಮಾತು ಕಳಸ್ತೈತಿ."

ಅವಳು ನಕ್ಕಳು. ತಾನೂ ಹಾನಗಲ್ಲಿಗೇ ಹೊರಟಿದ್ದೇನೆಂದಳು. ಯಾಕೆಂದು ನಾನು ಕೇಳಲಿಲ್ಲ. ಸನ್ಮಾನಕ್ಕೆ ಹೊರಟವರು ಬೇರೆಯವರ ಕೆಲಸ ವಿಚಾರಿಸುತ್ತಾರೆಯೇ?

ಕಾಲೇಜಿನ ಸಭಾಂಗಣದಲ್ಲಿ ಅವಳೂ ಬಂದು ಹಿಂದಿನ ಸಾಲಿನಲ್ಲಿ ಕೂತಾಗಲೂ ನನಗೆ ಅನುಮಾನ ಬರಲಿಲ್ಲ. ಬ್ಯಾನರ್ ಅಂಟಿಸಲು ಬಂದಿರಬೇಕು ಅಂದುಕೊಂಡೆ. (ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.)

ಮಂಜುನಾಥ ಸರ್ ಪರದೆಯ ಮೇಲೆ ಪಟ್ಟಿ ಹಾಕಿದರು. ಎಷ್ಟು ದಿನ ಕೆಲಸ ಮಾಡಿದ್ದಾರೆ, ಅಳಿಸಿದ್ದನ್ನು ಕಳೆದು ಎಷ್ಟು ಸಾಲು ಸೇರಿಸಿದ್ದಾರೆ (ಒಂದು ಪದಕ್ಕೆ ಒಂದು ಸಾಲು), ಎರಡನ್ನೂ ಕೂಡಿಸಿದರೆ ಅಂಕ. ಮೊದಲ ಹೆಸರು ನನ್ನದು, ಆರುನೂರ ಹನ್ನೆರಡು. ಚಪ್ಪಾಳೆ. ಎರಡನೆಯವರು ಹಿರೇಕೆರೂರಿನ ಗಣಿತದ ಮೇಷ್ಟ್ರು. ಅವರು ಬೆಳಿಗ್ಗೆ ಒಂದು ಚುಕ್ಕಿ ಇಟ್ಟು ಸಂಜೆ ಅದನ್ನೇ ಅಳಿಸುವ ಪುಟ್ಟ ಪ್ರೋಗ್ರಾಂ ಬರೆದಿಟ್ಟಿದ್ದರು. ವರ್ಷವಿಡೀ ಒಂದು ದಿನವೂ ತಪ್ಪಿರಲಿಲ್ಲ. "ಸಿಸ್ಟಮ್ ಹೆಂಗೈತೋ ಹಂಗ ನಾವು" ಎಂದು ನನ್ನ ಕಿವಿಯಲ್ಲಿ ಹೇಳಿದರು. ನನಗಿಂತ ಕಳ್ಳರು ಅನ್ನಿಸಿ ಸ್ವಲ್ಪ ಸಮಾಧಾನವಾಯಿತು.

ಪಟ್ಟಿ ಕೆಳಗೆ ಸರಿಯುತ್ತ ಸರಿಯುತ್ತ ಕೊನೆಯ ಹೆಸರಿಗೆ ಬಂತು. ರೇಣುಕಾ, ಸವಣೂರು. ಖಾತೆಯ ಹೆಸರು ಎಲೆಬಳ್ಳಿ. ಅಂಕ, ಮೈನಸ್ ಎರಡು ಸಾವಿರದ ನೂರಾ ನಾಲ್ಕು.

ಸಭೆ ನಕ್ಕಿತು. ಮಂಜುನಾಥ ಸರ್ ಕೂಡ ನಕ್ಕು, "ಇವರು ಸೇರಿಸಿದ್ದಕ್ಕಿಂತ ಅಳಿಸಿದ್ದs ಜಾಸ್ತಿ ಆಗೇತ್ರಿ" ಎಂದರು.

ನನಗೆ ಮಾತ್ರ ನಗು ಬರಲಿಲ್ಲ. ಒಂದು ವರ್ಷ ನಾನು ಯಂತ್ರವೆಂದುಕೊಂಡಿದ್ದು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿತ್ತು.

ಶಾಲು ಹೊದಿಸುವುದಕ್ಕೆ ಮುಂಚೆ ಚಹಾದ ಬಿಡುವು. ನೆಟ್ಟಗೆ ಅವಳ ಹತ್ತಿರ ಹೋದೆ. ಏನು ಹೇಳಬೇಕೆಂದು ತಿಳಿಯದೆ, "ಬಸ್ಸಿನ್ಯಾಗ ಯಾಕ ಹೇಳಲಿಲ್ಲವ್ವಾ?" ಎಂದೆ.

"ನೀವು ಅಷ್ಟು ಖುಷಿಲೆ ಹೇಳಾಕತ್ತಿದ್ರಿ, ಅಕ್ಕಾರ."

"ಮತ್ತ ಈ ಮೈನಸ್ ಯಾಕ?"

ಅವಳು ಹೇಳಿದಳು. ಮೂರು ವರ್ಷದ ಹಿಂದೆ ಅವಳ ಅಂಗಡಿಯಲ್ಲಿ ಒಂದು ಲಗ್ನಪತ್ರಿಕೆ ಟೈಪ್ ಆಯಿತು. 'ಆಶೀರ್ವಾದ' ಎನ್ನುವುದು 'ಆಶಿರ್ವಾದ' ಆಗಿತ್ತು. ತಂತ್ರಾಂಶ ಗೆರೆ ಎಳೆಯಲಿಲ್ಲ, ಇವಳೂ ನೋಡಲಿಲ್ಲ. ಪತ್ರಿಕೆ ಊರೆಲ್ಲ ಹಂಚಿಯಾದ ಮೇಲೆ ಮದುಮಗಳ ಅಪ್ಪ ಬಂದು ಅಂಗಡಿಯ ಮುಂದೆ ನಿಂತು ಎಲ್ಲರೆದುರು ಬೈದ. ಆಮೇಲೆ ಇವಳು ಆ ಪದಗಳ ಪಟ್ಟಿ ಬಿಚ್ಚಿ ನೋಡಿದಳು. ಎಲ್ಲೆಲ್ಲಿಂದಲೋ ತುಂಬಿದ ಆ ಪಟ್ಟಿಯಲ್ಲಿ ತಪ್ಪು ಪದಗಳೇ ಸಾವಿರಾರು ಕೂತಿದ್ದವು. ತಪ್ಪೇ ಪಟ್ಟಿಯಲ್ಲಿದ್ದರೆ ಯಂತ್ರ ಅದನ್ನು ಸರಿ ಎನ್ನದೆ ಇನ್ನೇನು ಮಾಡೀತು? ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಂದೊಂದನ್ನೇ ನಿಘಂಟಿನಲ್ಲಿ ನೋಡಿ ಅಳಿಸುತ್ತ ಬಂದಳು. ಹಳಬರು ಬಿಟ್ಟುಹೋದಂತೆ ಎಲ್ಲರ ತಿದ್ದುಪಡಿಯನ್ನು ನೋಡುವ ಕೆಲಸವೂ ಇವಳ ಕೊರಳಿಗೆ ಬಿತ್ತು. ನನ್ನ ಮುನ್ನೂರು ಚಿಲ್ಲರೆ ಪದಗಳನ್ನು ಮುನ್ನೂರು ಚಿಲ್ಲರೆ ಸಲ ತೆರೆದು, ನೋಡಿ, ಧನ್ಯವಾದ ಬರೆದವಳು ಇವಳೇ.

"ಇನ್ ಮ್ಯಾಲ ನನ್ನ ಕೈಲೆ ಆಗೂದಿಲ್ರಿ" ಎಂದಳು. "ನಾಕು ತಾಲೂಕಿನ ಮಂದಿ ಕೂಡ್ತಾರಂದ್ರು. ಯಾರರ ಒಬ್ಬರು ಸಿಕ್ರ ಒಪ್ಪಿಸಿ ಬಿಡೂಣು ಅಂತ ಬಂದಿದ್ದೆ. ಈಗ ಯಾರನ್ನ ಕೇಳ್ಲಿ? ನನ್ನ ನೋಡಿ ನಗಾಕತ್ತಾರ."

ಅಳಲಿಲ್ಲ ಅವಳು. ಚಹಾದ ಲೋಟವನ್ನು ಮಾತ್ರ ಕುಡಿಯದೆ ಕೆಳಗಿಟ್ಟಳು.

ವೇದಿಕೆಗೆ ಕರೆದರು. ಮಂಜುನಾಥ ಸರ್ ಶಾಲು ಬಿಚ್ಚಿ ಹಿಡಿದಿದ್ದರು. ಒಂದು ನಿಮಿಷ ಎಂದು ಮೈಕ್ ಹಿಡಿದೆ. ಸುಳ್ಳೇಕೆ, ಆ ಕ್ಷಣದಲ್ಲೂ ಶಾಲು ಹೊದ್ದುಕೊಂಡ ಮೇಲೆ ಮಾತಾಡಿದರಾಗದೇ ಎಂದು ಮನಸ್ಸು ಕೇಳಿತು. ನಿಮ್ಮ ಮನಸ್ಸು ಕೇಳುವುದಿಲ್ಲವೇ?

ಆದರೂ ಹೇಳಿದೆ. ಏಳು ಪದದ ಉಪಾಯ, ಬಸ್ಸಿನಲ್ಲಿ ಕೊಚ್ಚಿಕೊಂಡಿದ್ದು, ಅವಳು ಅಳಿಸಿದ್ದು ಏನು, ಯಾಕೆ ಎಂಬುದು, ಎಲ್ಲವನ್ನೂ. ಈ ಸಲ ಸಭೆ ನಕ್ಕಿದ್ದು ನನ್ನನ್ನು ನೋಡಿ. ಗಣಿತದ ಮೇಷ್ಟ್ರು ಮಾತ್ರ ತಮ್ಮ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಮಂಜುನಾಥ ಸರ್ ಒಳ್ಳೆಯವರು. ಮುಖ ಸಣ್ಣದು ಮಾಡಿಕೊಂಡು, "ತಪಾಸಣಿಗೆ ನಾ ಕಾಲಂನs ಇಟ್ಟಿರಲಿಲ್ರಿ" ಎಂದರು. ರೇಣುಕಾಳನ್ನು ವೇದಿಕೆಗೆ ಕರೆದು ಶಾಲು ಹೊದಿಸಲು ಹೋದರು. ಅವಳು ಕೈ ಅಡ್ಡ ಹಿಡಿದಳು.

"ಶಾಲು ಬ್ಯಾಡ್ರಿ ಸರ. ತಪಾಸ ಮಾಡಾಕ ಇಬ್ಬರನ್ನ ಕೊಡ್ರಿ."

ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಮೊಬೈಲ್ ತೆಗೆದರು. ಶಾಲು ಕೊಡುವುದು ಸುಲಭ, ನೋಡಿ. ನಾನು ಕೈ ಎತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕೈ ಮೆಲ್ಲಗೆ ಎದ್ದಿತು. ಹಿರೇಕೆರೂರಿನ ಗಣಿತದ ಮೇಷ್ಟ್ರದು.

ಈಗ ಮೂರು ವಾರವಾಯಿತು. ನಾವು ಮೂವರೂ ಸರದಿಯ ಮೇಲೆ ತಪಾಸಣೆ ಮಾಡುತ್ತೇವೆ. ಮೇಷ್ಟ್ರು ಚುಕ್ಕಿಯ ಪ್ರೋಗ್ರಾಂ ನಿಲ್ಲಿಸಿ, ಒಂದೇ ಪದ ಎರಡೆರಡು ಸಲ ಬಂದದ್ದನ್ನು ಹುಡುಕುವ ಹೊಸ ಪ್ರೋಗ್ರಾಂ ಬರೆದುಕೊಟ್ಟಿದ್ದಾರೆ. ತಲೆ ಇದೆ ಮನುಷ್ಯನಿಗೆ. ನನಗಂತೂ ಬೇರೆಯವರ ಒಂದು ಪದ ನೋಡಲು ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲ ಸಂಜೆಯೇ ತಿಳಿಯಿತು. ದುಂಡಸಿಯಿಂದ ಯಾರೋ ಒಬ್ಬರು ದಿನಕ್ಕೊಂದೇ ಪದ ಕಳಿಸುತ್ತಿದ್ದಾರೆ. ಬೈಯಲು ನನಗೆ ಬಾಯಿಲ್ಲ.

ಮೊನ್ನೆ ಮಂಜುನಾಥ ಸರ್ ಮತ್ತೆ ಫೋನ್ ಮಾಡಿದ್ದರು. ಮುಂದಿನ ವರ್ಷದ ಪಟ್ಟಿಯಲ್ಲಿ ರೇಣುಕಾಳಂಥವರ ಕೆಲಸವೂ ಲೆಕ್ಕಕ್ಕೆ ಬರಬೇಕಂತೆ, ಹೇಗೆ ಅಳೆಯುವುದೆಂದು ಅವಳನ್ನೇ ಕೇಳಿ ಹೇಳಿ ಎಂದರು. ಕೇಳಿದೆ. ಅವಳು ಝೆರಾಕ್ಸ್ ಯಂತ್ರದ ಸದ್ದಿನ ನಡುವೆಯೇ ಉತ್ತರ ಕೊಟ್ಟಳು.

"ಯಾರು ಎಂಟು ದಿನ ಬರಲಿಲ್ಲಂದ್ರ ಎಷ್ಟು ಮಂದಿ ಕೆಲಸ ನಿಲ್ತೈತಿ, ಅಷ್ಟು ಎಣಸಾಕ ಹೇಳ್ರಿ."

ಹಾಗೆಯೇ ಹೇಳಿದೆ. ಮಂಜುನಾಥ ಸರ್ ಬರೆದುಕೊಂಡರು, ಆಮೇಲೆ ಕೇಳಿದರು, "ಎಲ್ಲಾ ಖರೇ ಅಕ್ಕೋರ, ಆದ್ರ ಈ ಕಾಲಂಗೆ ಹೆಸರೇನಂತ ಇಡ್ಲಿ?"